ನಿಮಗಿದು ಗೊತ್ತೇ? ಮದರ್‌ಬೋರ್ಡ್ ಹೋದರೂ ರೇಡ್ ಉಳಿಯುತ್ತದೆ!

ಕಂಪ್ಯೂಟರಿನ ಮದರ್‌ಬೋರ್ಡ್ ಕೈಕೊಟ್ಟಿತು. ಒಳಗೆ ನಾಲ್ಕು ಹಾರ್ಡ್‌ಡಿಸ್ಕ್‌ಗಳನ್ನು ಒಂದೇ ಕೂಟವಾಗಿ ದುಡಿಸುವ ರೇಡ್ ಇದೆ. ಸ್ಟುಡಿಯೊದವರ ಮದುವೆ ಫೋಟೊ, ಆಡಿಟರ ಹತ್ತು ವರ್ಷದ ಲೆಕ್ಕ, ಮನೆಯವರ ವಿಡಿಯೊ ಎಲ್ಲ ಅದರಲ್ಲೇ. ಎದೆ ಧಸಕ್ಕೆನ್ನುವುದು ಸಹಜ. ಆದರೆ ಬೋರ್ಡ್ ಸಾಯುವಾಗ ಸಾಮಾನ್ಯವಾಗಿ ಡಿಸ್ಕ್‌ಗಳನ್ನು ಜೊತೆಗೆ ಕರೆದೊಯ್ಯುವುದಿಲ್ಲ. ಆಮೇಲೆ ಅವಸರದಲ್ಲಿ ಒತ್ತುವ ಒಂದು ‘ಯೆಸ್’ ಆ ಕೆಲಸವನ್ನು ಚೆನ್ನಾಗಿ ಮಾಡಬಲ್ಲದು!

ಹುಟ್ಟಿದ ಕತೆ

● ರೇಡ್‌ಗೆ ಆ ಹೆಸರಿಟ್ಟವರು ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಡ್ ಪ್ಯಾಟರ್ಸನ್, ಗಾರ್ತ್ ಗಿಬ್ಸನ್ ಮತ್ತು ರ್‍ಯಾಂಡಿ ಕಾಟ್ಜ್. 1988ರಲ್ಲಿ ಅವರು ಮಂಡಿಸಿದ ಪ್ರಬಂಧದ ವಾದ ಇಷ್ಟೇ: ಒಂದು ದೈತ್ಯ ದುಬಾರಿ ಡಿಸ್ಕ್ ಕೊಳ್ಳುವ ಬದಲು, ಪಿ.ಸಿ.ಗೆ ಹಾಕುವ ಅಗ್ಗದ ಡಿಸ್ಕ್‌ಗಳನ್ನೇ ಕೂಟ ಕಟ್ಟಿ ದುಡಿಸಿಕೊಳ್ಳಿ. ಇದೇ ಪ್ಯಾಟರ್ಸನ್ ಮುಂದೆ ಪ್ರೊಸೆಸರ್ ವಿನ್ಯಾಸಕ್ಕಾಗಿ ಜಾನ್ ಹೆನೆಸಿ ಜೊತೆ 2017ರ ಟ್ಯೂರಿಂಗ್ ಪ್ರಶಸ್ತಿ ಹಂಚಿಕೊಂಡರು.

● ಆ ಪ್ರಬಂಧದಲ್ಲಿ ಹೋಲಿಕೆಗೆ ನಿಂತ ದೊಡ್ಡಣ್ಣ ಐಬಿಎಂ 3380. ಸಾಮರ್ಥ್ಯ 7,500 ಎಂ.ಬಿ. ಎದುರಿಗಿದ್ದ ಪುಟ್ಟ ಕಾನರ್ ಸಿಪಿ 3100ರದ್ದು ಬರೀ 100 ಎಂ.ಬಿ. ಇಂದಿನ ಮೊಬೈಲ್‌ನ ಒಂದು ನಿಮಿಷದ 4ಕೆ ವಿಡಿಯೊಗೂ ಅದು ಸಾಲದು.

● ಕೂಟ ಕಟ್ಟಿದರೆ ಅಪಾಯವೂ ಕೂಡುತ್ತದೆ ಎಂಬ ಲೆಕ್ಕವನ್ನೂ ಅವರೇ ಕೊಟ್ಟಿದ್ದರು. ಒಂದು ಡಿಸ್ಕ್ ಸರಾಸರಿ 30,000 ಗಂಟೆ ಬಾಳುತ್ತದೆ ಎಂದುಕೊಂಡರೆ, 100 ಡಿಸ್ಕ್‌ಗಳ ಕೂಟದಲ್ಲಿ ಸರಾಸರಿ 300 ಗಂಟೆಗೊಂದು ಕೆಡುತ್ತದೆ. ಅಂದರೆ ಎರಡು ವಾರವೂ ಇಲ್ಲ! ಹೆಚ್ಚುವರಿ ಡಿಸ್ಕ್ ಇಟ್ಟು ಮಾಹಿತಿ ಕಾಯುವ ಉಪಾಯ ಬೇಕಾದದ್ದು ಇದಕ್ಕೇ.

● ಪ್ರಬಂಧದಲ್ಲಿದ್ದದ್ದು ರೇಡ್ 1ರಿಂದ 5ರವರೆಗೆ ಮಾತ್ರ. ರೇಡ್ 0 ಆಮೇಲೆ ಸೇರಿಕೊಂಡ ಹೆಸರು. ಅದರಲ್ಲಿ ವೇಗ ಉಂಟು, ರಕ್ಷಣೆ ಸೊನ್ನೆ. ಒಂದು ಡಿಸ್ಕ್ ಹೋದರೆ ಎಲ್ಲವೂ ಹೋದಂತೆ.

● ಹೆಸರು ಬರುವ ಹತ್ತು ವರ್ಷ ಮೊದಲೇ, 1978ರಲ್ಲಿ, ಕೆಟ್ಟ ಡಿಸ್ಕಿನ ಮಾಹಿತಿಯನ್ನು ಉಳಿದವುಗಳಿಂದ ಮರಳಿ ಪಡೆಯುವ ವಿಧಾನಕ್ಕೆ ಐಬಿಎಂನ ನಾರ್ಮನ್ ಕೆನ್ ಔಚಿ ಅವರಿಗೆ ಅಮೆರಿಕದ ಪೇಟೆಂಟ್ ಸಿಕ್ಕಿತ್ತು.

● ಹೋದದ್ದು ಮರಳಿ ಬರುವುದು ಹೇಗೆ? ಮೊದಲ ಡಿಸ್ಕಿನಲ್ಲಿ 1011, ಎರಡನೆಯದರಲ್ಲಿ 0110 ಇದೆ ಎನ್ನಿ. ಒಂದೊಂದೇ ಅಂಕಿ ಹೋಲಿಸಿ. ಎರಡೂ ಒಂದೇ ಇದ್ದರೆ 0, ಬೇರೆ ಇದ್ದರೆ 1 ಬರೆಯಿರಿ. ಸಿಗುವುದು 1101. ‘ಪ್ಯಾರಿಟಿ’ ಎನ್ನುವ ಇದು ಮೂರನೇ ಡಿಸ್ಕಿಗೆ ಹೋಗುತ್ತದೆ. ಈಗ ಎರಡನೇ ಡಿಸ್ಕ್ ಸತ್ತಿತು. 1011 ಮತ್ತು 1101ಕ್ಕೆ ಅದೇ ಲೆಕ್ಕ ಹಾಕಿ: 0110 ಎದ್ದು ಬಂತು! ರೇಡ್ 5ರ ಮೂಲ ಗುಟ್ಟು ಇಷ್ಟೇ.

ಜಾತಕ ಇರುವುದು ಎಲ್ಲಿ?

● ಯಾವ ಡಿಸ್ಕ್ ಯಾವ ಕೂಟದ್ದು, ಎಷ್ಟನೆಯದು, ಮಾಹಿತಿಯನ್ನು ಎಷ್ಟೆಷ್ಟು ತುಂಡು ಮಾಡಿ ಹಂಚಿದೆ ಎಂಬುದೆಲ್ಲ ಮದರ್‌ಬೋರ್ಡಿನಲ್ಲಿದೆ ಎಂದೇ ಬಹಳ ಮಂದಿ ನಂಬಿದ್ದಾರೆ. ಈ ಜಾತಕವನ್ನು ಮೆಟಾಡೇಟಾ ಎನ್ನುತ್ತಾರೆ. ಅದು ಬರೆದಿರುವುದು ಡಿಸ್ಕ್‌ಗಳ ಮೇಲೆಯೇ, ಕೂಟದ ಪ್ರತಿ ಡಿಸ್ಕಿನಲ್ಲೂ. ಬೋರ್ಡ್ ಅದನ್ನು ಓದುತ್ತದೆ, ಅಷ್ಟೆ.

● ಇಂಟೆಲ್ ಬೋರ್ಡಿನ ರೇಡ್ ಈ ಬರಹವನ್ನು ಡಿಸ್ಕಿನ ಕಟ್ಟಕಡೆಯಲ್ಲಿ ಇಡುತ್ತದೆ. ಅದರಲ್ಲಿ ಕೂಟದ ಎಲ್ಲ ಡಿಸ್ಕ್‌ಗಳ ಸೀರಿಯಲ್ ನಂಬರ್ ಇರುತ್ತದೆ. ಹಾಗಾಗಿ ಸಾಟಾ ಕೇಬಲ್‌ಗಳು ಅದಲುಬದಲಾದರೂ ಅದು ತನ್ನವರನ್ನು ಗುರುತಿಸುತ್ತದೆ.

● ಲಿನಕ್ಸ್‌ನ ಎಂಡಿಎಡಿಎಂ ರೇಡ್‌ನಲ್ಲಿ ಜಾತಕದ ಜಾಗ ಆವೃತ್ತಿಗೊಂದು ಥರ. ಹಳೆಯ 0.90 ಆವೃತ್ತಿಯದು ಡಿಸ್ಕಿನ ಕೊನೆಯಲ್ಲಿ; ಈಗ ರೂಢಿಯಲ್ಲಿರುವ 1.2 ಆವೃತ್ತಿಯದು ಆರಂಭದಿಂದ 4 ಕೆ.ಬಿ. ಒಳಗೆ.

● ಅತಿ ಎಚ್ಚರದ ಆಸಾಮಿ ಎಂದರೆ ಸನ್ ಮೈಕ್ರೋಸಿಸ್ಟಮ್ಸ್‌ನಲ್ಲಿ ಹುಟ್ಟಿದ ಝಡ್‌ಎಫ್‌ಎಸ್ ಎಂಬ ಕಡತ ವ್ಯವಸ್ಥೆ. ಒಂದೊಂದು ಡಿಸ್ಕಿನಲ್ಲೂ 256 ಕೆ.ಬಿ.ಯ ನಾಲ್ಕು ಪ್ರತಿ ಬರೆಯುತ್ತದೆ. ಎರಡು ತಲೆಯ ಕಡೆ, ಎರಡು ಬಾಲದ ಕಡೆ. ಒಂದು ತುದಿ ಅಳಿಸಿಹೋದರೂ ಇನ್ನೊಂದು ತುದಿ ಸಾಕ್ಷಿ ಹೇಳುತ್ತದೆ.

● ಪ್ರತಿ ಡಿಸ್ಕಿನಲ್ಲೂ ‘ಈವೆಂಟ್ ಕೌಂಟ್’ ಎಂಬ ಸಂಖ್ಯೆಯನ್ನು ಎಂಡಿಎಡಿಎಂ ಇಟ್ಟಿರುತ್ತದೆ. ಕೂಟದ ಸ್ಥಿತಿ ಬದಲಾದಾಗಲೆಲ್ಲ ಅದು ಏರುತ್ತದೆ. ಮೂರು ಡಿಸ್ಕಿನಲ್ಲಿ ಒಂದೇ ಸಂಖ್ಯೆ, ನಾಲ್ಕನೆಯದರಲ್ಲಿ ಬಹಳ ಕಡಿಮೆ ಇದ್ದರೆ ಆ ನಾಲ್ಕನೆಯದು ನಡುವೆಯೇ ಕೂಟ ಬಿಟ್ಟಿತ್ತು ಎಂದರ್ಥ.

● ರೇಡ್‌ನಲ್ಲಿ ಮೂರು ಮನೆತನ. ಪ್ರತ್ಯೇಕ ಕಾರ್ಡಿನದು, ಬೋರ್ಡಿನ ಚಿಪ್‌ಸೆಟ್‌ನದು, ಆಪರೇಟಿಂಗ್ ಸಿಸ್ಟಮ್‌ನದು. ಕಾರ್ಡ್ ಆದರೆ ಕಾರ್ಡ್ ಮತ್ತು ಡಿಸ್ಕ್‌ಗಳನ್ನು ಒಟ್ಟಿಗೆ ಹೊಸ ಬೋರ್ಡಿಗೆ ಹಾಕಿದರಾಯಿತು. ಲಿನಕ್ಸ್ ಅಥವಾ ಝಡ್‌ಎಫ್‌ಎಸ್ ಆದರೆ ಬೋರ್ಡ್ ಯಾವುದಾದರೂ ಚಿಂತೆಯಿಲ್ಲ. ಪೀಕಲಾಟವೆಲ್ಲ ನಡುವಿನವನದು, ಬೋರ್ಡ್ ರೇಡ್‌ನದು.

● ಬೋರ್ಡ್ ಕೆಟ್ಟ ನ್ಯಾಸ್ (ನೆಟ್‌ವರ್ಕ್ ಮೂಲಕ ಬಳಸುವ ಡಿಸ್ಕ್) ಪೆಟ್ಟಿಗೆಗೂ ಲಿನಕ್ಸ್‌ನ ಮಾತೇ ಅನ್ವಯ. ಸಿನಾಲಜಿ, ಕ್ಯುನ್ಯಾಪ್ ಮುಂತಾದವುಗಳ ಒಳಗೆ ಸಾಮಾನ್ಯವಾಗಿ ದುಡಿಯುವುದು ಲಿನಕ್ಸ್ ರೇಡ್ ತಂತ್ರಾಂಶವೇ. ಸಿನಾಲಜಿಯಂತೂ ತನ್ನ ಡಿಸ್ಕ್‌ಗಳನ್ನು ಉಬುಂಟು ಪಿ.ಸಿ.ಗೆ ಹಾಕಿ ಓದುವ ವಿಧಾನವನ್ನು ತಾನೇ ಪ್ರಕಟಿಸಿದೆ.

ಸ್ಕ್ರೂಡ್ರೈವರ್ ಹಿಡಿಯುವ ಮುನ್ನ

● ವಿಂಡೋಸ್‌ನಲ್ಲಿ ‘ಶಟ್‌ಡೌನ್’ ಒತ್ತಿದರೆ ಯಂತ್ರ ಪೂರ್ತಿ ಆರಿದಂತಲ್ಲ. ‘ಫಾಸ್ಟ್ ಸ್ಟಾರ್ಟಪ್’ ಚಾಲೂ ಇದ್ದರೆ ವ್ಯವಸ್ಥೆಯ ಒಂದು ಭಾಗ ಅರೆನಿದ್ದೆಯಲ್ಲಿ ಡಿಸ್ಕಿಗೆ ಹೋಗಿ ಕೂತಿರುತ್ತದೆ. ಶಿಫ್ಟ್ ಕೀಲಿ ಒತ್ತಿ ಹಿಡಿದು ಶಟ್‌ಡೌನ್ ಕೊಡಿ. ಆಗ ಪೂರ್ತಿ ಆರುತ್ತದೆ.

● ಡಿಸ್ಕಿಗೆ ಬಿಟ್‌ಲಾಕರ್ ಬೀಗ ಹಾಕಿದ್ದರೆ ಆ ಬೀಗದ ಕೈ ಸಾಮಾನ್ಯವಾಗಿ ಹಳೆಯ ಬೋರ್ಡಿನ ಟಿಪಿಎಂ ಚಿಪ್‌ನಲ್ಲಿ ಇರುತ್ತದೆ. ಹೊಸ ಬೋರ್ಡ್ ಕೇಳುವುದು 48 ಅಂಕಿಗಳ ರಿಕವರಿ ಕೀ. ರೇಡ್ ಕೂದಲೂ ಕೊಂಕದೆ ಉಳಿದರೂ ಈ 48 ಅಂಕಿ ಇಲ್ಲದಿದ್ದರೆ ಒಳಗಿನದು ಸಿಗದು. ಅದನ್ನು ಮೊದಲೇ ಕಾಗದದ ಮೇಲೆ ಬರೆದಿಡಿ, ಅದೇ ಡಿಸ್ಕಿನಲ್ಲಲ್ಲ!

● ಹಳೆಯ ಬೋರ್ಡ್ ಇನ್ನೂ ಉಸಿರಾಡುತ್ತಿದ್ದರೆ ಬಯಾಸ್‌ನ ರೇಡ್ ಪರದೆಯ ಫೋಟೊ ತೆಗೆದುಕೊಳ್ಳಿ. ರೇಡ್ ಯಾವ ಹಂತದ್ದು, ಸ್ಟ್ರೈಪ್ (ಮಾಹಿತಿಯ ಒಂದೊಂದು ತುಂಡಿನ) ಗಾತ್ರ ಎಷ್ಟು, ಯಾವ ಪೋರ್ಟಿಗೆ ಯಾವ ಸೀರಿಯಲ್ ನಂಬರ್ ಎಂಬ ಮೂರೂ ಅದರಲ್ಲಿರಲಿ. ಡಿಸ್ಕ್‌ಗಳ ಮೇಲೆ ಸಣ್ಣ ಚೀಟಿ ಅಂಟಿಸಿ 0, 1, 2, 3 ಎಂದು ಬರೆಯಿರಿ.

● ಝಡ್‌ಎಫ್‌ಎಸ್‌ಗೆ ಬೀಳ್ಕೊಡುಗೆಯ ಶಾಸ್ತ್ರವೇ ಇದೆ. ಬಿಚ್ಚುವ ಮುನ್ನ ‘ಎಕ್ಸ್‌ಪೋರ್ಟ್’, ಜೋಡಿಸಿದ ಮೇಲೆ ‘ಇಂಪೋರ್ಟ್’. ಬೋರ್ಡ್ ದಿಢೀರನೆ ಸತ್ತು ಶಾಸ್ತ್ರ ತಪ್ಪಿದರೆ ‘ಈ ಪೂಲ್ (ಕೂಟ) ಬೇರೆ ಯಂತ್ರದ ಬಳಕೆಯಲ್ಲಿತ್ತು’ ಎಂದು ಅದು ತಕರಾರು ತೆಗೆಯುತ್ತದೆ. ಆ ಬೇರೆ ಯಂತ್ರ ನಿಮ್ಮದೇ ಹಳೆಯದು ಎಂದು ಖಚಿತವಿದ್ದರೆ ಒತ್ತಾಯದ ಇಂಪೋರ್ಟ್‌ಗೆ ದಾರಿ ಇದೆ.

● ಬೋರ್ಡ್ ಜೊತೆ ಪವರ್ ಸಪ್ಲೈ ಕೂಡ ಬದಲಿಸುತ್ತಿದ್ದೀರಾ? ಮಾಡ್ಯುಲರ್ ಸಪ್ಲೈನ ಹಳೆಯ ಕೇಬಲ್ ಹೊಸದಕ್ಕೆ ಸರಾಗ ಕೂತುಬಿಡಬಹುದು. ಆದರೆ ಸಪ್ಲೈ ಕಡೆಯ ಪಿನ್‌ಗಳ ಕ್ರಮಕ್ಕೆ ಎಲ್ಲರಿಗೂ ಒಪ್ಪಿಗೆಯಾದ ಮಾನದಂಡವಿಲ್ಲ. 5 ವೋಲ್ಟ್ ಹೋಗಬೇಕಾದಲ್ಲಿ 12 ವೋಲ್ಟ್ ಹರಿದರೆ ನಾಲ್ಕೂ ಡಿಸ್ಕ್ ಒಟ್ಟಿಗೆ ಢಮಾರ್. ಇದಕ್ಕೆ ಯಾವ ರೇಡ್‌ನಲ್ಲೂ ಪರಿಹಾರವಿಲ್ಲ.

● ಹೊಸ ಸಪ್ಲೈಗೆ ಹಾಕಿದ ಡಿಸ್ಕ್ ತಿರುಗದೇ ಇದ್ದರೆ ಸತ್ತಿದೆ ಎಂದು ತೀರ್ಮಾನಿಸಬೇಡಿ. ಸರ್ವರ್ ದರ್ಜೆಯ ಕೆಲವು ಹೊಸ ಡಿಸ್ಕ್‌ಗಳಲ್ಲಿ ಸಾಟಾ ಪವರ್‌ನ ಮೂರನೇ ಪಿನ್‌ಗೆ 3.3 ವೋಲ್ಟ್ ಬಂದರೆ ‘ಆರಿರು’ ಎಂದರ್ಥ. ಆ ಪಿನ್‌ಗೆ ಸದಾ ವಿದ್ಯುತ್ ಕೊಡುವ ಸಪ್ಲೈಗಳಲ್ಲಿ ಡಿಸ್ಕ್ ಏಳುವುದೇ ಇಲ್ಲ.

● ಕಂಪ್ಯೂಟರಿನ ಒಳಗಿನ ಸಾಟಾ ಕೇಬಲ್‌ನ ಕೊಂಡಿಯನ್ನು ರೂಪಿಸಿರುವುದು ಸುಮಾರು 50 ಬಾರಿ ಹಾಕಿ ತೆಗೆಯುವುದಕ್ಕೆ. ಹಳೆಯ ಸಡಿಲ ಕೇಬಲ್‌ನಿಂದ ಡಿಸ್ಕ್ ಕ್ಷಣಕಾಲ ಮಾಯವಾದರೂ ರೇಡ್ ಅದನ್ನು ಕೂಟದಿಂದ ಹೊರಹಾಕಬಹುದು. ಹೊಸ ಬೋರ್ಡಿಗೆ ಹೊಸ ಕೇಬಲ್ ಹಾಕುವುದು ಜಾಣತನ.

● ಅನುಭವಸ್ಥ ಮೆಕ್ಯಾನಿಕ್‌ಗಳು ಹೊಸ ಬೋರ್ಡನ್ನು ಮೊದಲ ಸಲ ಚಾಲೂ ಮಾಡುವಾಗ ರೇಡ್ ಡಿಸ್ಕ್‌ಗಳನ್ನು ಜೋಡಿಸುವುದೇ ಇಲ್ಲ. ಬಯಾಸ್ ಅಪ್‌ಡೇಟ್, ಮೆಮೊರಿ ಪರೀಕ್ಷೆ, ಸಾಟಾ ಮೋಡ್ ಎಲ್ಲ ಮುಗಿಸಿ ಕೊನೆಗೆ ಡಿಸ್ಕ್‌ಗಳನ್ನು ಕೂರಿಸುತ್ತಾರೆ. ಕೆಟ್ಟ ಮೆಮೊರಿ ಕಡ್ಡಿಯಿಂದ ತಪ್ಪು ಮಾಹಿತಿ ಡಿಸ್ಕಿಗೆ ಹೋಗುವ ಅಪಾಯವೂ ಹೀಗೆ ತಪ್ಪುತ್ತದೆ.

ಹೊಸ ಬೋರ್ಡಿನ ಕಿತಾಪತಿ

● ರೇಡ್ ‘ಮಾಯವಾಗಲು’ ಒಂದು ಬಟನ್ ಸೆಲ್ ಸಾಕು! ಬೋರ್ಡಿನ ಮೇಲಿನ 3 ವೋಲ್ಟ್‌ನ ಸಿಆರ್2032 ಸೆಲ್ ಮುಗಿದರೆ ಹಲವು ಬೋರ್ಡ್‌ಗಳಲ್ಲಿ ಬಯಾಸ್ ತನ್ನ ಮೂಲ ಸ್ಥಿತಿಗೆ ಮರಳುತ್ತದೆ. ಸಾಟಾ ಮೋಡ್ ‘ರೇಡ್’ನಿಂದ ‘ಎಎಚ್‌ಸಿಐ’ಗೆ ಜಾರುತ್ತದೆ, ಡಿಸ್ಕ್‌ಗಳು ಬಿಡಿಬಿಡಿಯಾಗಿ ಕಾಣುತ್ತವೆ. ಯಾರೂ ಏನೂ ಬರೆಯದಿದ್ದರೆ, ಮೋಡನ್ನು ಮತ್ತೆ ರೇಡ್‌ಗೆ ತಂದ ಕೂಡಲೇ ಕೂಟ ಎದ್ದು ಕೂರುತ್ತದೆ. ಹೊಸ ಬೋರ್ಡೂ ಪೆಟ್ಟಿಗೆಯಿಂದ ಬರುವುದು ಹೆಚ್ಚಾಗಿ ಎಎಚ್‌ಸಿಐ ಮೋಡ್‌ನಲ್ಲೇ.

● ಆ ಬಿಡಿ ಸ್ಥಿತಿಯಲ್ಲಿ, ಒಂದೇ ಮಾಹಿತಿ ಹೊತ್ತ ರೇಡ್ 1ರ ಜೋಡಿ ಡಿಸ್ಕ್‌ಗಳು ಮಾಮೂಲಿ ಡಿಸ್ಕ್‌ಗಳಂತೆ ತೆರೆದುಕೊಳ್ಳಬಹುದು; ಜಾತಕ ಕೊನೆಯಲ್ಲಿರುವುದೇ ಕಾರಣ. ‘ಸದ್ಯ, ಫೈಲ್ ಇವೆ’ ಎಂದು ಒಂದರಲ್ಲಿ ಕೆಲಸ ಶುರು ಮಾಡಿದರೆ ಅವಳಿಗಳು ಬೇರೆಯಾದವು. ಮುಂದೆ ರೇಡ್ ಯಾವುದನ್ನು ಸರಿಯೆಂದು ನಂಬೀತೋ ಹೇಳಲಾಗದು.

● ಇಂಟೆಲ್ ಚಿಪ್‌ಸೆಟ್‌ನಿಂದ ಹೊಸ ಪೀಳಿಗೆಯ ಇಂಟೆಲ್ ರೇಡ್ ಚಿಪ್‌ಸೆಟ್‌ಗೆ ಡಿಸ್ಕ್‌ಗಳು ಸಾಮಾನ್ಯವಾಗಿ ಸಲೀಸಾಗಿ ಸಾಗುತ್ತವೆ. ಇಂಟೆಲ್‌ನಿಂದ ಎಎಂಡಿಗೆ ಆ ಸೇತುವೆ ಇಲ್ಲ. ಇವನ ಬರಹ ಅವನಿಗೆ ಓದಲು ಬಾರದು. ಹಳೆಯ ಎನ್‌ಫೋರ್ಸ್ ಬೋರ್ಡ್‌ಗಳ ರೇಡ್ ನೆಚ್ಚಿಕೊಂಡವರು ಇನ್ನೂ ಇಕ್ಕಟ್ಟಿಗೆ ಸಿಕ್ಕರು, ಏಕೆಂದರೆ ಎನ್‌ವಿಡಿಯಾ ಆ ಚಿಪ್‌ಸೆಟ್ ತಯಾರಿಯನ್ನೇ ಕೈಬಿಟ್ಟಿತು. ಇಂಥ ಹೊತ್ತಿನಲ್ಲಿ ಬೆಂಗಳೂರಿನ ಎಸ್.ಪಿ. ರಸ್ತೆಯ ಹಳೆ ಬೋರ್ಡುಗಳ ಅಂಗಡಿಯಲ್ಲಿ ಅದೇ ಕುಲದ ಬೋರ್ಡ್ ಹುಡುಕುವುದೂ ಒಂದು ದಾರಿ.

● ಇನ್ನೊಂದು ದಾರಿ ಲಿನಕ್ಸ್. ಅದರ ‘ಡಿಎಂರೇಡ್’ ಎಂಬ ಸಲಕರಣೆ ಇಂಟೆಲ್, ಎನ್‌ವಿಡಿಯಾ, ಪ್ರಾಮಿಸ್, ಸಿಲಿಕಾನ್ ಇಮೇಜ್, ವಿಐಎ ಹೀಗೆ ಹಲವರ ಬರಹ ಓದಬಲ್ಲದು. ಪೆನ್‌ಡ್ರೈವಿನಿಂದ ಲಿನಕ್ಸ್ ಚಾಲೂ ಮಾಡಿ, ಓದಲಷ್ಟೇ ತೆರೆದು, ಬೇಕಾದ್ದನ್ನು ಬೇರೆ ಡಿಸ್ಕಿಗೆ ನಕಲು ಮಾಡಿಕೊಳ್ಳಬಹುದು.

● ನಾಲ್ಕು ಡಿಸ್ಕ್ ಹಾಕಿದ್ದೀರಿ, ಎರಡೇ ಕಾಣುತ್ತಿವೆ. ಕೆಟ್ಟವೆಂದು ಹೊಸದು ಕೊಳ್ಳಲು ಓಡುವ ಮುನ್ನ ಬೋರ್ಡಿನ ಕೈಪಿಡಿ ತೆರೆಯಿರಿ. ಅನೇಕ ಬೋರ್ಡ್‌ಗಳಲ್ಲಿ ಎಂ.2 ಕಿಂಡಿಗೆ ಎಸ್‌ಎಸ್‌ಡಿ ಹಾಕಿದರೆ ಒಂದೆರಡು ಸಾಟಾ ಪೋರ್ಟ್‌ಗಳು ಬಂದ್ ಆಗುತ್ತವೆ. ಎರಡಕ್ಕೂ ದಾರಿ ಒಂದೇ ಆಗಿರುವುದೇ ಕಾರಣ.

● ಕೆಲವು ಬೋರ್ಡ್‌ಗಳು ತಮ್ಮ ಬಯಾಸ್‌ನ ಪ್ರತಿಯನ್ನು ಹಾರ್ಡ್‌ಡಿಸ್ಕಿನ ಕೊನೆಯಲ್ಲಿ ಗುಟ್ಟಾಗಿ ಬಚ್ಚಿಟ್ಟು, ಡಿಸ್ಕ್ ಅಷ್ಟು ಚಿಕ್ಕದೆಂದು ತೋರಿಸುತ್ತಿದ್ದವು. ಆ ಬಚ್ಚಿಟ್ಟ ಜಾಗಕ್ಕೆ ‘ಹೋಸ್ಟ್ ಪ್ರೊಟೆಕ್ಟೆಡ್ ಏರಿಯಾ’ ಎಂದು ಹೆಸರು. ರೇಡ್ ಜಾತಕವೂ ಅದೇ ಕೊನೆಯಲ್ಲಿ ಇದ್ದರೆ? ಒಂದೋ ಅದು ಅಳಿಸಿತು, ಇಲ್ಲವೇ ಕಣ್ಣಿಗೆ ಬೀಳದಾಯಿತು.

● ಲಿನಕ್ಸ್‌ನವರಿಗೂ ಇಂಥದ್ದೇ ಒಂದು ಗುಂಡಿ ಉಂಟು. ವಿಭಾಗ ಮಾಡದೆ ಇಡೀ ಡಿಸ್ಕನ್ನೇ ರೇಡ್‌ಗೆ ಕೊಟ್ಟಿರುತ್ತಾರೆ. ಹಿಂದಿದ್ದ ಜಿಪಿಟಿ ಎಂಬ ವಿಭಾಗ ಕೋಷ್ಟಕದ ಅವಶೇಷ ಕೊನೆಯಲ್ಲಿ ಉಳಿದಿರುತ್ತದೆ. ‘ಆರಂಭದ ಪ್ರತಿ ಹಾಳಾಗಿದೆ, ರಿಪೇರಿ ಮಾಡೋಣ’ ಎಂದು ಕೆಲವು ಬೋರ್ಡ್‌ಗಳು ಕೇಳದೆಯೇ ಕೈಹಾಕಿ ರೇಡ್ ಬರಹದ ಮೇಲೆ ಬರೆದುಬಿಡುತ್ತವೆ. ಮೊದಲೇ ವಿಭಾಗ ಮಾಡಿ ಅದರೊಳಗೆ ರೇಡ್ ಕಟ್ಟಿದರೆ ಈ ಉಪಕಾರ ತಪ್ಪುತ್ತದೆ.

● ‘ಇನ್ಯಾಕ್ಸೆಸಿಬಲ್ ಬೂಟ್ ಡಿವೈಸ್’ ಎಂಬ ನೀಲಿ ಪರದೆ ಬಂದರೆ ರೇಡ್ ಮುರಿದಿದೆ ಎಂದೇನಿಲ್ಲ. ಹೊಸ ಬೋರ್ಡಿನ ಕಂಟ್ರೋಲರ್‌ಗೆ ಬೇಕಾದ ಡ್ರೈವರ್ ವಿಂಡೋಸ್‌ಗೆ ಸಿಕ್ಕಿಲ್ಲ, ಅಷ್ಟೆ. ಮೋಡ್ ಬದಲಿಸುವ ಮುನ್ನವೇ ಮುಂದಿನ ಬೂಟ್ ಸೇಫ್ ಮೋಡ್‌ನಲ್ಲಿ ಆಗುವಂತೆ ಹೇಳಿಟ್ಟರೆ ಬಹಳ ಸಲ ವಿಂಡೋಸ್ ತಾನೇ ಹೊಂದಿಕೊಳ್ಳುತ್ತದೆ.

● ವಿಂಡೋಸ್ ಎಕ್ಸ್‌ಪಿ ಕಾಲದಲ್ಲಿ ಈ ಡ್ರೈವರ್ ಕೊಡಲು ಎಫ್6 ಕೀಲಿ ಒತ್ತಿ ಫ್ಲಾಪಿ ಹಾಕಬೇಕಿತ್ತು! ಫ್ಲಾಪಿ ಹೋಯಿತು, ತಾಪತ್ರಯ ಹೋಗಲಿಲ್ಲ. ಇಂಟೆಲ್‌ನ ವಿಎಂಡಿ ಎಂಬ ಡಿಸ್ಕ್ ನಿರ್ವಹಣಾ ಸೌಲಭ್ಯ ಚಾಲೂ ಇರುವ ಹೊಸ ಯಂತ್ರಗಳಲ್ಲಿ ವಿಂಡೋಸ್ ಹಾಕಲು ಹೋದರೆ ಎಷ್ಟೋ ಸಲ ಡಿಸ್ಕೇ ಕಾಣುವುದಿಲ್ಲ. ಪೆನ್‌ಡ್ರೈವಿನಿಂದ ಡ್ರೈವರ್ ಉಣಿಸಬೇಕು.

● ಯುಇಎಫ್‌ಐ ಯಂತ್ರಗಳಲ್ಲಿ ‘ಯಾವುದರಿಂದ ಬೂಟ್ ಆಗಬೇಕು’ ಎಂಬ ಪಟ್ಟಿ ಮದರ್‌ಬೋರ್ಡಿನ ಮೆಮೊರಿಯಲ್ಲಿ ಇರುತ್ತದೆ. ಬೋರ್ಡ್ ಜೊತೆ ಆ ಪಟ್ಟಿಯೂ ಹೋಯಿತು. ಮಾಹಿತಿ ಭದ್ರವಿದ್ದೂ ಯಂತ್ರ ಏಳದಿದ್ದರೆ ಬೂಟ್ ಪಟ್ಟಿಯನ್ನು ಹೊಸದಾಗಿ ಮಾಡಿಕೊಳ್ಳಬೇಕು.

● ಲಿನಕ್ಸ್ ರೇಡ್‌ನ ಹೆಸರು ಎಂಡಿ0 ಇದ್ದದ್ದು ಇದ್ದಕ್ಕಿದ್ದಂತೆ ಎಂಡಿ127 ಆಯಿತೇ? ಹೊಸದಾಗಿ ಹಾಕಿದ ಲಿನಕ್ಸ್ ‘ಈ ಕೂಟ ಬೇರೆ ಮನೆಯದು’ ಎಂದು ತಿಳಿದು ಕೊಟ್ಟ ಅತಿಥಿ ಸಂಖ್ಯೆ ಅದು. ಒಳಗಿನದು ಅದೇ. ಸಂರಚನಾ ಕಡತದಲ್ಲಿ ಕೂಟದ ಗುರುತು ಸೇರಿಸಿದರೆ ಹಳೆಯ ಹೆಸರು ಮರಳುತ್ತದೆ.

ಬೆರಳು ತಡೆಯಿರಿ!

● ‘ಯು ನೀಡ್ ಟು ಫಾರ್ಮ್ಯಾಟ್ ದ ಡಿಸ್ಕ್’ ಎಂದು ವಿಂಡೋಸ್ ಕೇಳುವುದು ಡಿಸ್ಕ್ ಕೆಟ್ಟಿದೆ ಎಂದಲ್ಲ. ಅದರ ಬರಹ ತನಗೆ ಅರ್ಥವಾಗಲಿಲ್ಲ ಎಂದು. ‘ಇನಿಶಿಯಲೈಸ್’ ಪೆಟ್ಟಿಗೆಯದೂ ಅದೇ ಹಾಡು. ಎರಡಕ್ಕೂ ‘ಕ್ಯಾನ್ಸಲ್’ ಒಂದೇ ಉತ್ತರ.

● ಮೆಗಾರೇಡ್ ಮಾದರಿಯ ಕಾರ್ಡ್‌ಗಳು ಹೊರಗಿನಿಂದ ಬಂದ ಡಿಸ್ಕ್ ಕಂಡಾಗ ‘ಫಾರಿನ್ ಕಾನ್ಫಿಗರೇಷನ್’ ಎನ್ನುತ್ತವೆ. ಅಲ್ಲಿ ಎರಡು ದಾರಿ: ‘ಇಂಪೋರ್ಟ್’ ಒತ್ತಿದರೆ ಕೂಟ ಒಳಗೆ ಬಂತು, ‘ಕ್ಲಿಯರ್’ ಒತ್ತಿದರೆ ಜಾತಕ ಅಳಿಸಿತು. ಎರಡೂ ಅಕ್ಕಪಕ್ಕದಲ್ಲೇ ಇರುತ್ತವೆ!

● ವಿಂಡೋಸ್ ಡೈನಾಮಿಕ್ ಡಿಸ್ಕ್‌ಗಳಿಗೂ ‘ಇಂಪೋರ್ಟ್ ಫಾರಿನ್ ಡಿಸ್ಕ್ಸ್’ ಎಂಬ ಆಯ್ಕೆ ಇದೆ. ಅದರ ಬದಲು ‘ಕನ್ವರ್ಟ್ ಟು ಬೇಸಿಕ್’ ಒತ್ತಿದರೆ ಡಿಸ್ಕಿನ ವಾಲ್ಯೂಮ್‌ಗಳೆಲ್ಲ ಹೋಗುತ್ತವೆ.

● ಇಂಟೆಲ್ ರೇಡ್ ಪರದೆಯಲ್ಲಿರುವ ‘ರಿಸೆಟ್ ಡಿಸ್ಕ್ಸ್ ಟು ನಾನ್-ರೇಡ್’ ಕೇಳಲು ಸಾಧುವಾಗಿದೆ. ಮಾಡುವ ಕೆಲಸ ಮಾತ್ರ ರೇಡ್ ಗುರುತನ್ನು ಅಳಿಸುವುದು.

● ಎಂಡಿಎಡಿಎಂನಲ್ಲಿ ‘ಅಸೆಂಬಲ್’ ಎಂದರೆ ಇದ್ದದ್ದನ್ನು ಕೂಡಿಸು. ‘ಕ್ರಿಯೇಟ್’ ಎಂದರೆ ಹೊಸದನ್ನು ಕಟ್ಟು. ಕಕ್ಕಾಬಿಕ್ಕಿಯಾಗಿ ಎರಡನೆಯದನ್ನು ಕೊಟ್ಟರೆ ಹಳೆಯ ಜಾತಕದ ಮೇಲೆ ಹೊಸದು ಕೂರುತ್ತದೆ. ಮೊದಲು ‘ಎಕ್ಸಾಮಿನ್’ ಕೊಟ್ಟು ಪ್ರತಿ ಡಿಸ್ಕಿನ ವಿವರವನ್ನು ಬೇರೆಡೆ ಉಳಿಸಿಕೊಂಡವನಿಗೆ ಭಯವಿಲ್ಲ.

● ಜಾತಕ ಅಳಿಸಿ ಡಿಸ್ಕ್‌ಗಳ ಕ್ರಮವೂ ಮರೆತರೆ ಎಷ್ಟು ಸಲ ಊಹಿಸಬೇಕು? ನಾಲ್ಕು ಡಿಸ್ಕಿಗೆ 24 ಕ್ರಮ, ಆರಕ್ಕೆ 720, ಎಂಟಕ್ಕೆ 40,320. ಸ್ಟ್ರೈಪ್ ಗಾತ್ರವೂ ಗೊತ್ತಿಲ್ಲದಿದ್ದರೆ ಇದನ್ನೂ ಗುಣಿಸುತ್ತ ಹೋಗಿ. ಅಂಟಿಸಿದ ಆ ಸಣ್ಣ ಚೀಟಿಯ ಬೆಲೆ ಆಗ ತಿಳಿಯುತ್ತದೆ.

● ಡಿಸ್ಕನ್ನು ಮುಟ್ಟದೆಯೇ ಪ್ರಯೋಗ ಮಾಡಬಹುದು. ಲಿನಕ್ಸ್‌ನಲ್ಲಿ ‘ಓವರ್‌ಲೇ’ ಹೊದಿಸಿದರೆ ಬರೆಯುವುದೆಲ್ಲ ಬೇರೊಂದು ಕಡತಕ್ಕೆ ಹೋಗುತ್ತದೆ, ಅಸಲಿ ಡಿಸ್ಕ್ ಇದ್ದಂತೆಯೇ ಇರುತ್ತದೆ. ಊಹೆ ತಪ್ಪಿದರೆ ಹೊದಿಕೆ ಎಸೆದು ಮತ್ತೆ ಶುರು.

ಕೂಟ ಎದ್ದ ಮೇಲೆ

● ಸಾಮಾನ್ಯ ಹಾರ್ಡ್‌ಡಿಸ್ಕ್‌ಗಳ ವಿವರಪಟ್ಟಿಯಲ್ಲಿ ‘1014 ಬಿಟ್‌ಗೆ ಒಂದು ಓದಲಾಗದ ದೋಷ’ ಎಂಬಂತೆ ಕಾಣುವ ಒಂದು ಸಾಲಿರುತ್ತದೆ. ಅದು ಸಾವಿರದ ಹದಿನಾಲ್ಕಲ್ಲ, ಹತ್ತರ ಹದಿನಾಲ್ಕನೇ ಘಾತ, ಸುಮಾರು 12.5 ಟಿ.ಬಿ. ತಯಾರಕರು ಕೊಡುವ ಮಿತಿ ಇದು, ನಿಜದಲ್ಲಿ ಡಿಸ್ಕ್‌ಗಳು ಇದಕ್ಕಿಂತ ಚೆನ್ನಾಗಿಯೇ ನಡೆಯಬಹುದು. ಆದರೂ ಒಂದು ಡಿಸ್ಕ್ ಹೋಗಿ ರೇಡ್ 5 ಮರುಕಟ್ಟುವಾಗ ಉಳಿದವುಗಳ ಪ್ರತಿ ಬಿಟ್ಟನ್ನೂ ಓದಬೇಕು. ಎರಡು ಡಿಸ್ಕ್ ಸತ್ತರೂ ತಾಳುವ ರೇಡ್ 6 ಬಂದದ್ದು ಇಂಥ ಆತಂಕಕ್ಕೇ.

● ಬರೆಯುತ್ತಿರುವಾಗಲೇ ಕರೆಂಟ್ ಹೋದರೆ? ಮಾಹಿತಿ ಬರೆದಾಗಿದೆ, ಅದರ ಪ್ಯಾರಿಟಿ ಬರೆದಿಲ್ಲ ಎಂಬ ಸಂದಿಗೆ ‘ರೈಟ್ ಹೋಲ್’ ಎನ್ನುತ್ತಾರೆ. ಬೋರ್ಡಿಗೆ ಖರ್ಚು ಮಾಡಿದವರು ಯುಪಿಎಸ್ ಬ್ಯಾಟರಿಯನ್ನೂ ಒಮ್ಮೆ ನೋಡುವುದು ಒಳ್ಳೆಯದು.

● ರೇಡ್ ಎಂದರೆ ಬ್ಯಾಕಪ್ ಎಂದುಕೊಂಡರೆ ಕೆಟ್ಟಿರಿ. ಕೈತಪ್ಪಿ ಅಳಿಸಿದ ಫೋಲ್ಡರನ್ನು ರೇಡ್ 1 ಎರಡೂ ಡಿಸ್ಕಿನಲ್ಲಿ ಅದೇ ಕ್ಷಣ ನಿಷ್ಠೆಯಿಂದ ಅಳಿಸುತ್ತದೆ. ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಬೇರೆ ಜಾಗದಲ್ಲಿ ಎಂಬ 3-2-1 ಸೂತ್ರವನ್ನು ಜನಪ್ರಿಯಗೊಳಿಸಿದವರು ಪೀಟರ್ ಕ್ರೋ ಎಂಬ ಫೋಟೊಗ್ರಾಫರ್!

● ಹೊಸ ಬೋರ್ಡಿನಲ್ಲಿ ಎಲ್ಲ ಸರಿಯಾಯಿತು ಎನ್ನಲು ಫೋಲ್ಡರ್ ತೆರೆದುಕೊಂಡರೆ ಸಾಲದು. ಕೂಟದ ಮೊದಲಿನಿಂದ ಕೊನೆಯವರೆಗೆ ಓದಿ ತಾಳೆ ನೋಡುವ ‘ಸ್ಕ್ರಬ್’ ಒಮ್ಮೆ ನಡೆಸಿ. ಡೆಬಿಯನ್ ಲಿನಕ್ಸ್ ಇದನ್ನು ಪ್ರತಿ ತಿಂಗಳ ಮೊದಲ ಭಾನುವಾರ ತಾನಾಗಿಯೇ ಮಾಡುತ್ತದೆ. ಆ ಪರೀಕ್ಷೆ ಪಾಸಾಗುವವರೆಗೆ ಹಳೆಯ ಬೋರ್ಡ್ ಅಲ್ಪಸ್ವಲ್ಪ ಜೀವ ಹಿಡಿದಿದ್ದರೆ ಮಾರಬೇಡಿ. ಹೊಸದು ಕೂಟವನ್ನು ಗುರುತಿಸದಿದ್ದರೆ, ಗುರುತಿಸುವುದು ಖಾತ್ರಿ ಇರುವ ಬೋರ್ಡ್ ಅದೊಂದೇ.